ಸುಮ್ಮನಿದ್ದ ಡಬ್ಬಿ

ಜೂನ್ ೪

ಅಮ್ಮಾ,

ನಾನು ಬಸ್ಸು ಹತ್ತಿದ ಮೇಲೆ ನೀನು ಆ ಡಬ್ಬಿ ಸುತ್ತ ಎಷ್ಟು ಸಲ ಓಡಾಡಿರ್ತೀಯ, ಬಗ್ಗಿ ನೋಡಿರ್ತೀಯ ಅಂತ ಇಲ್ಲಿಂದಲೇ ಕಾಣ್ತಾ ಇದೆ. ನಿನಗೆ ಕಿವಿ ಕೇಳಿಸದಿದ್ದರೂ ಕುತೂಹಲಕ್ಕೇನೂ ಕಮ್ಮಿ ಇಲ್ಲ. ಫೋನಲ್ಲಿ ಮೆಸೇಜ್ ಓದು ಅಂದ್ರೆ ಇರುವೆ ಸಾಲು ಅಂತೀಯ. ಸರಿ, ಕಾಗದದಲ್ಲೇ ವಿವರಿಸ್ತೀನಿ.

ನಮ್ಮ ಬೀದಿಯ ಕೆಳಗೆ ಸುರಂಗ ಕೊರೀತಿರೋದು ನಿನಗೆ ಗೊತ್ತು. ಬಂಡೆ ಸಿಡಿಸಿದಾಗ ಮೇಲಿನ ಮನೆಗಳು ಎಷ್ಟು ಅದುರುತ್ತವೆ ಅಂತ ಅಳೆಯೋದು ನನ್ನ ಕೆಲಸ. ಡಬ್ಬಿ ಒಳಗೆ ಒಂದು ಅಯಸ್ಕಾಂತ ಇದೆ, ಡಬ್ಬಿಗೇ ಕಚ್ಚಿಕೊಂಡಿರುತ್ತೆ. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ, ಸ್ಪ್ರಿಂಗಿನಲ್ಲಿ ತೂಗ್ತಾ ಇರುತ್ತೆ. ನೆಲ ಅದುರಿದ್ರೆ ಡಬ್ಬಿ, ಅಯಸ್ಕಾಂತ ಎರಡೂ ಅದರ ಜೊತೆ ಅದುರುತ್ತವೆ. ಸುರುಳಿ ಮಾತ್ರ ಸೋಮಾರಿ, ಇದ್ದಲ್ಲೇ ಇರೋಕೆ ನೋಡುತ್ತೆ. ಬಸ್ಸು ತಟ್ಟಂತ ಹೊರಟಾಗ ನೀನು ಹಿಂದಕ್ಕೆ ವಾಲ್ತೀಯಲ್ಲ, ಹಾಗೆ. ಆ ಎಳೆದಾಟದಲ್ಲಿ ತಂತಿಯೊಳಗೆ ಚೂರೇ ಚೂರು ಕರೆಂಟ್ ಹುಟ್ಟುತ್ತೆ. ಅದನ್ನೇ ನಾವು ಇಲ್ಲಿ ಕ್ಯಾಂಪಿನಲ್ಲಿ ಕೂತು ಗೆರೆಗಳಾಗಿ ನೋಡ್ತೀವಿ.

ಗೆರೆ ಹಸಿರು ಇದ್ರೆ ಸರಿ. ಹಳದಿ ಬಂದ್ರೆ ಬಂಡೆ ಸಿಡಿಸೋ ಮದ್ದು ಕಮ್ಮಿ ಮಾಡಬೇಕು. ಯಾವ ಮನೆಯಲ್ಲಿ ಕೆಂಪು ಬಂದ್ರೂ ಕೆಲಸ ನಿಲ್ಲಬೇಕು. ಆ ನಿಯಮ ಬರೆಸಿದ್ದು ನಾನೇ, ಮ್ಯಾನೇಜರ್ ಹತ್ರ ಜಗಳ ಆಡಿ.

ನೆಲಕ್ಕೆ ಪ್ಲಾಸ್ಟರ್ ಹಾಕಿ ಅಂಟಿಸಿದ್ದು ಸುಮ್ಮನೆ ಅಲ್ಲ. ಡಬ್ಬಿ ನೆಲದ ಜೊತೆ ಒಂದಾಗಿರಬೇಕು, ಇಲ್ದಿದ್ರೆ ಅದು ಹೇಳೋದೆಲ್ಲ ಸುಳ್ಳು. ಅದರ ಮೇಲೆ ಹೂಕುಂಡ ಇಡಬೇಡ, ಬಟ್ಟೆ ಹಾಕಬೇಡ, ಒರೆಸಲೂಬೇಡ. ನೀನು ನನ್ನ ಜೊತೆ ಇಲ್ಲಿ ಬಂದಿರು ಅಂದ್ರೆ ಬರಲ್ಲ. ಅಲ್ಲಿರೋದಾದ್ರೆ ಇಷ್ಟಾದರೂ ಮಾತು ಕೇಳು.

ನಿನ್ನ ಮಗಳು

ಜೂನ್ ೧೫

ಪುಟ್ಟೀ,

ಡಬ್ಬಿ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೀನಿ, ನೀನು ಕೇಳಲಿಲ್ಲ, ಆದ್ರೂ ಹೇಳ್ತಿದ್ದೀನಿ.

ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದ್ರು. ಅವರವರ ಮನೆಯಲ್ಲೂ ಇದೆ, ಆದ್ರೆ ನಮ್ಮನೇದನ್ನ ಎಂಜಿನಿಯರಮ್ಮ ಕೈಯಾರೆ ಕೂರಿಸಿದ್ದು ಅಂತ ವಿಶೇಷ ಮರ್ಯಾದೆ. ಟೈಲರ್ ಮಂಡಿಯೂರಿ ಕೂತು ನೋಡಿ, ಇದಕ್ಕೆ ಗಾಳಿ ಆಡೋಕೆ ತೂತಿಲ್ಲವಲ್ಲ, ಪಾಪ ಅಂದನಂತೆ. ಅದನ್ನ ತುಟಿ ಆಡಿಸಿ ನನಗೆ ತಿಳಿಸಿದ ಪಕ್ಕದ ಮನೆ ಬೀಗದಮ್ಮ ಮಾತ್ರ ನಗಲಿಲ್ಲ. ಅವಳಿಗೆ ಬೀಗದ ಅಂಗಡಿ ಕೆಳಗೆ, ಮನೆ ಮೇಲೆ. ಮಧ್ಯಾಹ್ನ ಮದ್ದು ಸಿಡಿದಾಗ ಗೋಡೆಗೆ ನೇತುಹಾಕಿದ ಬೀಗಗಳೆಲ್ಲ ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತವಂತೆ. ನನಗೆ ಗಲಗಲ ಎಲ್ಲಿಂದ ಕೇಳಿಸಬೇಕು. ಅಂಗಾಲಿನಲ್ಲಿ ಒಂದು ಥರ ಜುಮ್ ಅನ್ನುತ್ತೆ, ಅಷ್ಟೇ.

ನೀನು ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ಲವೋ ಅನ್ನೋದನ್ನ ಅಳೆಯೋಕೆ ಒಂದು ಡಬ್ಬಿ ಕಂಡುಹಿಡಿ. ಅದನ್ನ ನಾನೇ ದುಡ್ಡು ಕೊಟ್ಟು ತಗೋತೀನಿ.

ಅಮ್ಮ

ಜುಲೈ ೧

ಅಮ್ಮಾ,

ನಿನ್ನೆ ಗೋಡೆಗೆ ಮೊಳೆ ಹೊಡೆದೆಯಾ?

ಹೊಡೆದಿದ್ದೀಯ. ನನಗೆ ಗೊತ್ತು. ನಿನ್ನ ಸುತ್ತಿಗೆ ಏಟುಗಳನ್ನ ಇಲ್ಲಿ ಒಂದೊಂದಾಗಿ ಎಣಿಸಬಹುದಿತ್ತು. ಡಬ್ಬಿ ಕೆಂಪು ತೋರಿಸಿತು. ಅದೂ ಸರಿಯಾಗಿ ಮದ್ದು ಸಿಡಿಸೋ ಹೊತ್ತಿಗೆ, ಹಾಗಾಗಿ ಯಾವುದು ಮದ್ದು ಯಾವುದು ಮೊಳೆ ಅಂತ ಯಾರಿಗೂ ತಿಳೀಲಿಲ್ಲ. ಅರ್ಧ ದಿನ ಕೆಲಸ ನಿಂತುಹೋಯ್ತು. ಅಷ್ಟು ಜನ ಸುರಂಗದ ಬಾಯಲ್ಲಿ ಕೈಕಟ್ಟಿ ಕೂತರು. ಕೊನೆಗೆ ಗೆರೆ ಹಿಗ್ಗಿಸಿ ನೋಡಿದಾಗ ಗೊತ್ತಾಯ್ತು, ಇದು ಮನುಷ್ಯರ ಕೈ ಅಂತ.

ಮ್ಯಾನೇಜರ್ ಎಲ್ಲರ ಮುಂದೆ ಏನಂದ್ರು ಗೊತ್ತಾ? "ನಿಮ್ಮಮ್ಮ ಕನ್ನಡಿಯೋ ಕ್ಯಾಲೆಂಡರೋ ನೇತುಹಾಕೋಕೆ ನಾವು ಸುರಂಗ ನಿಲ್ಲಿಸಬೇಕಾ? ಇನ್ನೊಂದು ಸಲ ಆ ಮನೆಯಿಂದ ಕೆಂಪು ಬಂದ್ರೆ ನೀವೂ ಮೊಳೆ ಹೊಡೀತಾ ಮನೇಲಿರಬಹುದು." ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ? ಆಮೇಲೆ ಹೋಗಿ ಬಚ್ಚಲಲ್ಲಿ ಅತ್ತೆ.

ಈ ಕೆಲಸಕ್ಕೆ ನಾನು ಎಷ್ಟು ಒದ್ದಾಡಿದ್ದೀನಿ ಅಂತ ನಿನಗೆ ಹೊಸದಾಗಿ ಹೇಳಬೇಕಾ? ದಯವಿಟ್ಟು ಆ ಡಬ್ಬಿ ಹತ್ರ ಏನೂ ಮಾಡಬೇಡ. ಕುಟ್ಟಬೇಡ, ಎಳೆಯಬೇಡ, ಧಡಧಡ ನಡೆಯಬೇಡ. ನಿನಗೆ ನಿನ್ನ ಸದ್ದು ಗೊತ್ತಾಗಲ್ಲ. ಅದಕ್ಕೆ ಗೊತ್ತಾಗುತ್ತೆ.

ಮಗಳು

ಜುಲೈ ೧೦

ಪುಟ್ಟೀ,

ಕನ್ನಡಿ ಇಳಿಸಿದ್ದೀನಿ. ಇನ್ನು ಮೇಲೆ ನನ್ನ ಕಡೆಯಿಂದ ನಿನಗೆ ತೊಂದರೆ ಬರಲ್ಲ. ಅದಕ್ಕೆ ಏನು ಮಾಡಬೇಕೋ ಮಾಡಿದ್ದೀನಿ. ಬಚ್ಚಲಲ್ಲಿ ಅಳಬೇಡ, ಶೀತ ಆಗುತ್ತೆ.

ಅಮ್ಮ

ಆಗಸ್ಟ್ ೧೨

ಅಮ್ಮಾ,

ನೀನು ಬಂಗಾರ. ಇಡೀ ಬೀದಿಯಲ್ಲಿ ನಮ್ಮನೆ ಗೆರೆಯಷ್ಟು ಚೊಕ್ಕ ಇನ್ಯಾವುದೂ ಇಲ್ಲ. ಒಂದು ತಿಂಗಳಿಂದ ಬರೀ ಹಸಿರು. ಕಳೆದ ತಿಂಗಳು ಒಂದು ದಿನ ಮಾತ್ರ ಗೆರೆ ಎಗರಿಬಿದ್ದಿತ್ತು, ನೀನು ಕಸ ಗುಡಿಸ್ತಿದ್ದೆ ಅನ್ಸುತ್ತೆ, ಆಮೇಲೆ ತಣ್ಣಗಾಯ್ತು. ಮ್ಯಾನೇಜರ್ ಮೊನ್ನೆ ಮೀಟಿಂಗಿನಲ್ಲಿ ಪರದೆ ಮೇಲೆ ನಮ್ಮನೇದನ್ನೇ ತೋರಿಸಿ, ಡಬ್ಬಿ ಕೂರಿಸೋದು ಅಂದ್ರೆ ಹೀಗೆ ಅಂದ್ರು. ಬಾಯಿ ತುಂಬ ಹೊಗಳಿದ್ರು. ನಕ್ಕವರೆಲ್ಲ ಮುಖ ಮುಖ ನೋಡಿಕೊಂಡರು. ನನ್ನ ಗುತ್ತಿಗೆ ಮುಗಿದ ಮೇಲೆ ಖಾಯಂ ಮಾಡೋ ಮಾತೂ ಬಂತು.

ಉಳಿದ ಮನೆಗಳಿಗೆ ತಿಂಗಳಿಗೊಂದು ಸಲ ಜನ ಕಳಿಸಿ ಡಬ್ಬಿ ಪರೀಕ್ಷೆ ಮಾಡಿಸ್ತೀನಿ. ನಮ್ಮನೇದಕ್ಕೆ ಯಾರನ್ನೂ ಕಳಿಸೋದಿಲ್ಲ. ಅಲ್ಲಿ ನೀನಿದ್ದೀಯಲ್ಲ.

ನಿನ್ನ ಮಗಳು

ಆಗಸ್ಟ್ ೩೦

ಪುಟ್ಟೀ,

ಖಾಯಂ ಆಗೋ ವಿಷಯ ಓದಿ ಖುಷಿಯಾಯ್ತು. ಯಾರಿಗೂ ಹೇಳಿಲ್ಲ, ಕಣ್ಣು ಬೀಳುತ್ತೆ.

ಬೀಗದಮ್ಮನ ಮೆಟ್ಟಿಲ ಗೋಡೆ ಬಿರುಕು ಬಿಟ್ಟಿದೆ. ಮೊದಲು ಕೂದಲೆಳೆ ಇತ್ತು, ಈಗ ಬೀಗದಕೈ ತೂರುತ್ತೆ. ಬಿರುಕು ಅಗಲವಾದ್ರೆ ಇದು ಹರಿಯುತ್ತೆ ಅಂತ ನಿಮ್ಮವರು ಯಾರೋ ಬಂದು ಅದರ ಮೇಲೆ ಕಾಗದ ಅಂಟಿಸಿ ಹೋದ್ರು. ಅದು ಹರಿದಿದೆ. ಹರಿದದ್ದನ್ನ ಬೀಗದಮ್ಮ ಹೇಳೋಕೆ ಹೋದ್ರೆ, ಪಕ್ಕದ ಮನೆ ಡಬ್ಬಿ ಏನೂ ಇಲ್ಲ ಅನ್ನುತ್ತಲ್ಲಮ್ಮ, ನಿಮ್ಮ ಡಬ್ಬಿಗೆ ಬೀಗ ಕುಟ್ಟೋ ಸದ್ದು ಸೇರಿಕೊಂಡಿದೆ ಅಂದ್ರಂತೆ. ನಿನ್ನೆ ಬಂದು ನನ್ನ ಕೈ ಹಿಡಿದುಕೊಂಡು ಕೇಳಿದಳು, ನಿಜವಾಗ್ಲೂ ನಿಮ್ಮನೇಲಿ ಏನೂ ಇಲ್ವಾ ಅಂತ. ನಾನು, ಮಗಳು ಹಾಗೇ ಬರೆದಿದ್ದಾಳೆ ಅಂದೆ. ನೀನು ಬರೆದದ್ದು ಹಾಗೇ ತಾನೇ.

ನನಗೆ ಒಂದು ಹೇಳು. ಡಬ್ಬಿ ಸುಮ್ಮನಿದ್ದು, ಮನೆ ಮಾತ್ರ ಅದುರಿದ್ರೆ, ಅದಕ್ಕೆ ನಿಮ್ಮ ಕಡೆ ಏನಂತಾರೆ?

ಅಮ್ಮ

ಸೆಪ್ಟೆಂಬರ್ ೯

ಅಮ್ಮಾ,

ಅದಕ್ಕೆ ಭ್ರಮೆ ಅಂತಾರೆ.

ಕೋಪ ಮಾಡಿಕೋಬೇಡ. ಕೆಳಗೆ ಏನೋ ನಡೀತಿದೆ ಅಂತ ಗೊತ್ತಾದ ಮೇಲೆ ಜನ ಹಳೇ ಬಿರುಕನ್ನೂ ಹೊಸದಾಗಿ ನೋಡ್ತಾರೆ. ಅವರ ಮನೆ ಹಳೇದು, ಮೆಟ್ಟಿಲು ನಾನು ಚಿಕ್ಕವಳಿದ್ದಾಗಲೇ ಅಲ್ಲಾಡ್ತಿತ್ತು. ನನಗೂ ಬೇಜಾರೇ. ಆದ್ರೆ ಎರಡು ಮನೆಗೆ ಒಂದೇ ಗೋಡೆ, ಒಂದು ಡಬ್ಬಿ ಕಿರುಚುತ್ತೆ, ಇನ್ನೊಂದು ಸುಮ್ಮನಿರುತ್ತೆ ಅಂದ್ರೆ ನಾನು ಯಾವುದನ್ನ ನಂಬಲಿ? ನಾನೇ ಕೂರಿಸಿದ್ದನ್ನ ನಂಬ್ತೀನಿ. ಅವರದನ್ನ ಬೀಗ ಕುಟ್ಟೋ ಸದ್ದು ಅಂತ ಲೆಕ್ಕದಿಂದ ಬಿಟ್ಟಿದ್ದೀವಿ.

ಈ ತಿಂಗಳಿಂದ ಮದ್ದು ಸ್ವಲ್ಪ ಜಾಸ್ತಿ ಮಾಡೋಕೆ ಒಪ್ಪಿಗೆ ಸಿಕ್ಕಿದೆ. ಹೆದರಬೇಡ, ಲೆಕ್ಕ ಹಾಕಿ ನಾನೇ ಸಹಿ ಹಾಕಿದ್ದು.

ಮಗಳು

ನವೆಂಬರ್ ೨

ಅಮ್ಮಾ,

ಇಷ್ಟು ದಿನ ಯಾಕೆ ಬರೆದಿಲ್ಲ? ಆಗಲಿ, ಈಗ ಅದಲ್ಲ ವಿಷಯ. ಕೂತುಕೊಂಡು ಓದು.

ಮೊನ್ನೆ ಎಲ್ಲೋ ಬಹಳ ದೂರದ ದೇಶದಲ್ಲಿ ಭೂಕಂಪ ಆಯ್ತು. ಅಷ್ಟು ದೂರದಿಂದ ಬರೋ ಅಲೆ ನಿಧಾನ, ಯಾರಿಗೂ ಗೊತ್ತಾಗಲ್ಲ, ನೆಲ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯುತ್ತೆ. ಆದ್ರೆ ನಾನು ಬೀದಿಗೆ ಕೊಟ್ಟಿರೋದು ಒಳ್ಳೇ ಡಬ್ಬಿಗಳು, ಎಲ್ಲವೂ ಅದನ್ನ ಹಿಡಿದವು. ನಮ್ಮನೇದೂ ಹಿಡೀತು. ಬೀಗದಮ್ಮನವರ ಗೆರೆ, ನಮ್ಮ ಗೆರೆ ಒಂದರ ಮೇಲೊಂದು ಇಟ್ಟರೆ ಎರಡೂ ಒಂದೇ. ಅಂದ್ರೆ ಅವರ ಡಬ್ಬಿ ಕೆಟ್ಟಿಲ್ಲ. ನಮ್ಮದೂ ಕೆಟ್ಟಿಲ್ಲ.

ಅದೇ ಮಧ್ಯಾಹ್ನ ಮದ್ದು ಸಿಡಿಸಿದಾಗ ಅವರದು ಕೆಂಪಿನವರೆಗೆ ಹೋಗಿ ಮುಟ್ಟಿದೆ. ನಮ್ಮದು ಹಸಿರು. ನಿಧಾನದ ನಡುಕವನ್ನ ಒಳಗೆ ಬಿಟ್ಟು, ಚುರುಕು ನಡುಕವನ್ನ ಮಾತ್ರ ನುಂಗೋದು ಯಾವುದು ಅಂತ ಮೊದಲ ವರ್ಷದ ಹುಡುಗರೂ ಹೇಳ್ತಾರೆ. ಡಬ್ಬಿ ಕೆಳಗೆ ಮೆತ್ತಗಿನದು ಏನೋ ಇದೆ.

ಅಮ್ಮಾ, ಡಬ್ಬಿ ಕೆಳಗೆ ಏನಿಟ್ಟಿದ್ದೀಯ?

ಮಗಳು

ನವೆಂಬರ್ ೬

ಪುಟ್ಟೀ,

ನಿನ್ನ ಕಾಗದ ಇವತ್ತು ಬಂತು. ಬೀಗದಮ್ಮ ನಿನ್ನೆ ಬಿದ್ದಳು. ಒಗೆದ ಬಟ್ಟೆ ಬಕೆಟ್ಟು ಹಿಡಿದು ಮೇಲೆ ಹತ್ತುತ್ತಿದ್ದಾಗ ಮೆಟ್ಟಿಲು ಗೋಡೆ ಸಮೇತ ಕುಸಿದು ಕೂತಿತು. ಸೊಂಟದ ಮೂಳೆ ಮುರಿದಿದೆ. ಜೀವಕ್ಕೇನಿಲ್ಲ ಅಂತಾರೆ. ಬೀಗಗಳೆಲ್ಲ ಬೀದಿಗೆ ಚೆಲ್ಲಿಹೋಗಿದ್ದವು, ಆರಿಸಿಕೊಟ್ಟೆ.

ಹೂಂ, ಇಟ್ಟಿದ್ದೀನಿ. ಹಳೇ ಕುರ್ಚಿಯ ಸ್ಪಂಜಿನ ಮೆತ್ತೆ. ನೀನು ಬಚ್ಚಲಲ್ಲಿ ಅತ್ತೆ ಅಂತ ಬರೆದ ಕಾಗದ ಬಂದ ದಿನವೇ ಚಾಕು ಹಾಕಿ ಪ್ಲಾಸ್ಟರ್ ಎಬ್ಬಿಸಿದೆ. ನನ್ನ ಹೆಜ್ಜೆ, ನನ್ನ ಪಾತ್ರೆ ಸದ್ದು ನಿನಗೆ ಹೋಗಬಾರದು ಅಂತ, ಅಷ್ಟೇ. ದೇವರಾಣೆ, ಅವತ್ತು ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಡಬ್ಬಿ ನನ್ನ ಸದ್ದು ಮಾತ್ರ ಬಿಟ್ಟು ಮದ್ದನ್ನ ಕೇಳಿಸಿಕೊಳ್ಳುತ್ತೆ ಅಂದುಕೊಂಡೆ. ನಾನೇನು ಎಂಜಿನಿಯರಾ?

ಆದ್ರೆ ಬೀಗದಮ್ಮ ಬಂದು ಕೈ ಹಿಡಿದಾಗ ನನಗೆ ಅರ್ಥವಾಗಿತ್ತು. ಅವಳು ಹೋದ ಮೇಲೆ ಮೆತ್ತೆ ತೆಗೆದು ಡಬ್ಬಿ ನೆಲಕ್ಕಿಟ್ಟೆ. ಮದ್ದಿನ ಹೊತ್ತು ಹತ್ತಿರ ಬಂತು. ನಿನ್ನ ಮ್ಯಾನೇಜರ್ ಮಾತು ನೆನಪಾಯ್ತು. ಮತ್ತೆ ಮೆತ್ತೆ ಇಟ್ಟುಬಿಟ್ಟೆ. ಭ್ರಮೆ ಅಂತ ನೀನು ಬರೆದದ್ದು ಆಮೇಲೆ. ಅದನ್ನ ಓದಿ, ಸದ್ಯ ನನ್ನ ಮಗಳೇ ಹೇಳಿದ್ದಾಳಲ್ಲ ಅಂತ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ. ಅದಕ್ಕೇ ಬರೀಲಿಲ್ಲ.

ಬೈ. ಎಷ್ಟು ಬೇಕಾದ್ರೂ ಬೈ. ಆದ್ರೆ ನಿನ್ನ ಅನ್ನಕ್ಕೆ ಕಲ್ಲು ಬೀಳುತ್ತೆ ಅಂದ್ರೆ ಯಾವ ತಾಯಿ ಏನು ಮಾಡ್ತಾಳೆ ಅಂತಲೂ ಒಂಚೂರು ಯೋಚನೆ ಮಾಡು.

ಅಮ್ಮ

ನವೆಂಬರ್ ೧೭

ಅಮ್ಮಾ,

ಬೈಯೋಕೆ ಕೂತೆ. ಬರೆದದ್ದನ್ನ ಹರಿದು ಹಾಕಿದೆ.

ನೀನು ಮೆತ್ತೆ ಇಟ್ಟೆ. ನಾನು ಏನು ಮಾಡಿದೆ? ಇಡೀ ಬೀದಿಗೆ ಪರೀಕ್ಷೆ ಮಾಡಿಸಿ ನಮ್ಮನೆ ಒಂದನ್ನ ಬಿಟ್ಟೆ. ನನಗೆ ಬೇಕಾದ ಹಸಿರು ಬಂತು ಅಂತ ಪ್ರಶ್ನೆ ಕೇಳಲಿಲ್ಲ. ಆ ಹಸಿರು ನೋಡಿಯೇ ಮದ್ದು ಜಾಸ್ತಿ ಮಾಡೋಕೆ ಸಹಿ ಹಾಕಿದೆ. ಅನುಮಾನ ಬಂದ ಮೇಲೂ ಸಿಡಿಸೋದು ನಿಲ್ಲಿಸದೆ ನಿನ್ನ ಕಾಗದಕ್ಕೆ ಕಾದೆ. ಆದ್ರೂ ನಿನ್ನ ಮೇಲೆ ನನಗೆ ವಿಪರೀತ ಕೋಪ ಇದೆ ಅಮ್ಮ. ಸೊಂಟ ಮುರಿದುಕೊಂಡವರು ನನ್ನನ್ನ ಎತ್ತಿ ಆಡಿಸಿದವರು. ನಿನ್ನ ಕೈ ಹಿಡಿದು ಕೇಳಿದ್ರಲ್ಲ, ಆವಾಗಲಾದ್ರೂ ನೀನು ಹೇಳಬಹುದಿತ್ತು.

ನೀನು ತಿಳಿದುಕೊಳ್ಳಬೇಕಾದ್ದು ಇಷ್ಟು. ನಮ್ಮ ಮನೆಯ ಅಳತೆ ಜುಲೈಯಿಂದ ಪೂರ್ತಿ ತಪ್ಪು, ಉಳಿದ ಮನೆಗಳದೇ ಸರಿ ಅಂತ ಬರೆದು ಕೊಟ್ಟಿದ್ದೀನಿ. ಸಿಡಿಸೋದು ನಿಂತಿದೆ. ಇನ್ನು ಯಂತ್ರದಲ್ಲೇ ನಿಧಾನಕ್ಕೆ ಕೊರೀತಾರೆ. ಬೀಗದಮ್ಮನವರ ಆಸ್ಪತ್ರೆ, ಮೆಟ್ಟಿಲು ಎಲ್ಲ ಕಂಪನಿಯೇ ನೋಡಿಕೊಳ್ಳಬೇಕು, ಒಪ್ಪಿದ್ದಾರೆ.

ಹೇಗೆ ತಪ್ಪಾಯ್ತು ಅಂತ ವಿಚಾರಣೆಯಲ್ಲಿ ಕೇಳಿದ್ರು. ಪ್ಲಾಸ್ಟರ್ ಕಲಸುವಾಗ ನೀರು ಜಾಸ್ತಿ ಆಯ್ತು, ಡಬ್ಬಿ ನೆಲ ಬಿಟ್ಟಿತ್ತು, ತಪ್ಪು ನನ್ನದು ಅಂತ ಬರೆದೆ. ಮನೆಯವರು ಯಾರಾದರೂ ಮುಟ್ಟಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ.

ಕೆಲಸ ಹೋಯ್ತು. ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು. ಡಬ್ಬಿ ಅಂಟಿಸೋಕೂ ಬಾರದವಳು ಅಂತ ಹೆಸರು ಬಿದ್ದ ಮೇಲೆ ಈ ಕಸುಬಿನಲ್ಲಿ ಇನ್ನೊಬ್ಬರು ಕರೀತಾರೆ ಅನ್ನೋ ಆಸೆ ನನಗಿಲ್ಲ. ಇರಲಿ. ನೀನು ಆ ಬೀದಿಯಲ್ಲೇ ಬಾಳಬೇಕು. ಮೆತ್ತೆಯನ್ನ ಒಲೆಗೆ ಹಾಕು, ಯಾರ ಹತ್ರವೂ ಬಾಯಿ ಬಿಡಬೇಡ. ಇದೊಂದು ಮಾತು ಕೇಳು.

ಮಗಳು

ನವೆಂಬರ್ ೨೪

ಪುಟ್ಟೀ,

ನಿನಗೆ ತಲೆ ನೆಟ್ಟಗಿದೆಯಾ? ನೀರು ಜಾಸ್ತಿ ಆಯ್ತಂತೆ! ನೀನು ಕಲಸಿದ ಪ್ಲಾಸ್ಟರ್ ಎಬ್ಬಿಸೋಕೆ ನನ್ನ ಒಳ್ಳೇ ಚಾಕುವಿನ ತುದಿ ಮುರಿದುಹೋಯ್ತು. ಕಲ್ಲಿನ ಹಾಗೆ ಕೂತಿತ್ತು. ಅಂಥದ್ದನ್ನ ಕೂರಿಸಿದವಳು ಕೆಲಸ ಬಾರದವಳು ಅಂತ ತಾನೇ ಬರೆದು ಕೊಡ್ತಾಳಂತೆ, ಅದನ್ನ ಓದಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಂತೆ.

ನಿನ್ನ ಮಾತು ಕೇಳಲಿಲ್ಲ. ಆಸ್ಪತ್ರೆಗೆ ಹೋದೆ.

ದೊಡ್ಡ ವಾರ್ಡು, ಎರಡು ಸಾಲು ಮಂಚ. ಬೀಗದಮ್ಮನದು ಕಿಟಕಿ ಪಕ್ಕದ್ದು, ಕಾಲಿಗೆ ತೂಕ ಕಟ್ಟಿ ಎಳೆದಿದ್ದಾರೆ. ಸೊಸೆ ಕಿತ್ತಳೆ ಸುಲೀತಾ ಕೂತಿದ್ದಳು. ಟೈಲರು, ಅವನ ಹೆಂಡತಿಯೂ ನೋಡೋಕೆ ಬಂದಿದ್ರು. ಅವರು ಹೋಗಲಿ ಅಂತ ಕಾದೆ, ಹೋಗಲಿಲ್ಲ. ಬೀಗದಮ್ಮನ ಕಿವಿ ಹತ್ರ ಬಗ್ಗಿ, ಗುಟ್ಟಾಗಿ, ಅವಳೊಬ್ಬಳಿಗೇ ಹೇಳೋಣ ಅಂತ ಶುರು ಮಾಡಿದೆ. ಮೆತ್ತೆ ಇಟ್ಟದ್ದು, ಪ್ಲಾಸ್ಟರ್ ಎಬ್ಬಿಸಿದ್ದು, ಅವಳು ಕೈ ಹಿಡಿದು ಕೇಳಿದಾಗ ಗೊತ್ತಿದ್ದೂ ಸುಳ್ಳು ಹೇಳಿದ್ದು.

ಅರ್ಧಕ್ಕೆ ಬಂದಾಗ ತಲೆ ಎತ್ತಿದೆ. ಆಚೆ ಸಾಲಿನ ಮುದುಕಿ ಎದ್ದು ಕೂತು ನನ್ನನ್ನೇ ನೋಡ್ತಿದ್ದಳು. ನರ್ಸ್ ಓಡಿ ಬರ್ತಿದ್ದಳು. ಟೈಲರ್ ನಿಂತಲ್ಲೇ ನಿಂತುಬಿಟ್ಟಿದ್ದ. ಗುಟ್ಟು ಅಂದುಕೊಂಡು ನಾನು ಕಿರುಚ್ತಾ ಇದ್ದೆ ಅಂತ ಆಗ ಗೊತ್ತಾಯ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಿನ್ನ ಹೆಸರಿಗೆ ಬಂದಾಗ ಬೇಕಂತಲೇ ಇನ್ನೂ ಜೋರಾಗಿ ಹೇಳಿದೆ, ನನ್ನ ಮಗಳದು ಏನೂ ತಪ್ಪಿಲ್ಲ, ಅವಳು ನನ್ನನ್ನ ಉಳಿಸೋಕೆ ತನ್ನ ಮೇಲೆ ಹಾಕಿಕೊಂಡಿದ್ದಾಳೆ ಅಂತ. ಗಂಟಲು ಉರಿಯೋ ತನಕ ಹೇಳಿದೆ.

ನನ್ನ ಕಿವಿ ಹೋದ ಮೇಲೆ ಈ ಬೀದಿಯಲ್ಲಿ ನನಗೆ ಅರ್ಥವಾಗೋ ಹಾಗೆ ಮಾತಾಡ್ತಿದ್ದವಳು ಅವಳೊಬ್ಬಳೇ. ಬೇರೆಯವರು ಕೈ ಆಡಿಸಿ ಹೋಗಿಬಿಡ್ತಾರೆ. ಅವಳು ಎದುರಿಗೆ ನಿಂತು, ಮುಖ ಬೆಳಕಿಗೆ ತಿರುಗಿಸಿ, ತುಟಿಯನ್ನ ನಿಧಾನವಾಗಿ ಆಡಿಸ್ತಿದ್ದಳು. ಮುಗಿಸಿದ ಮೇಲೆ ಅವಳ ತುಟಿಯನ್ನೇ ನೋಡ್ತಾ ನಿಂತೆ. ಬೈಯಲಿ, ಉಗಿಯಲಿ, ನೋಡೋಣ ಅಂತ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕತ್ತು ಗೋಡೆ ಕಡೆ ತಿರುಗಿಸಿ ಏನೋ ಹೇಳಿದಳು.

ಹೇಳಿದಳು ಅಂತ ಹೇಗೆ ಗೊತ್ತು ಅಂದ್ರೆ, ಸೊಸೆ ಕೈಯಲ್ಲಿದ್ದ ಹಣ್ಣು ಹಾಗೇ ನಿಂತಿತು. ಟೈಲರ್ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡಳು. ಏನಂದಳು ಅಂತ ಸೊಸೆಯನ್ನ ಕೇಳಿದೆ, ಅವಳು ನೆಲ ನೋಡಿದಳು. ಟೈಲರನ್ನ ಕೇಳಿದೆ, ಅವನು ನನ್ನ ಭುಜ ಹಿಡಿದು ಮೆಲ್ಲಗೆ ಬಾಗಿಲ ತನಕ ನಡೆಸಿಕೊಂಡು ಬಂದ. ಈಗ ಬೀದಿಗೆಲ್ಲ ಗೊತ್ತು ಅವಳು ಏನಂದಳು ಅಂತ. ನನಗೆ ಗೊತ್ತಿಲ್ಲ. ದಿನವೂ ನೀರಿಗೆ, ಅಂಗಡಿಗೆ ಅಂತ ಹೋಗ್ತೀನಿ, ಎಲ್ಲರ ಮುಖದಲ್ಲೂ ಅದು ಇದೆ.

ನಿನ್ನ ಕಂಪನಿಗೆ ಬೇರೆ ಕಾಗದ ಬರಿ. ನನ್ನ ಹೆಸರು ಹಾಕು, ಸಹಿ ಬೇಕಾದ್ರೆ ಬಂದು ಹಾಕಿಕೊಡ್ತೀನಿ. ಕೆಲಸ ಕೊಡ್ತಾರೋ ಬಿಡ್ತಾರೋ ಅದು ಅವರ ಹಣೆಬರಹ. ಸುಳ್ಳು ಕಾಗದದ ಕೆಳಗೆ ನಿನ್ನ ಹೆಸರು ಇರಕೂಡದು, ನಾನು ಬದುಕಿರೋ ತನಕ.

ಕೋಣೆ ಖಾಲಿ ಮಾಡಿ ಮನೆಗೆ ಬಾ. ನನ್ನ ಮೇಲೆ ಕೋಪ ಇದ್ದರೆ ಇರಲಿ, ಕೋಪ ಇಟ್ಟುಕೊಂಡೇ ಬಾ. ಬಂದವಳು ಮೊದಲು ಆಸ್ಪತ್ರೆಗೆ ಹೋಗ್ತೀಯ, ಗೊತ್ತು. ಅವಳು ಏನಂದಳು ಅಂತ ನಿನಗೆ ಯಾರಾದರೂ ಹೇಳೇ ಹೇಳ್ತಾರೆ. ನನಗೆ ಹೇಳಬೇಡ.

ಇಲ್ಲ, ಹೇಳು. ಎದುರಿಗೆ ನಿಂತು ಹೇಳೋಕೆ ನಿನಗೆ ಆಗಲ್ಲ, ನಿನ್ನ ತುಟಿ ನೋಡೋಕೆ ನನಗೂ ಆಗಲ್ಲ. ಒಂದು ಕಾಗದದಲ್ಲಿ ಬರೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಆಚೆ ಹೋಗಿರು. ಅವಳು ಅಂದದ್ದನ್ನ ಅಂದ ಹಾಗೇ ಬರಿ.

ಅಮ್ಮ